ಮಲ್ಯಾ ಚಿಮುಕಿಸಿದ ನೀರು

ಮೊದಲೇ ಹೇಳಿಬಿಡುತ್ತೇನೆ, ಆ ರಾತ್ರಿ ನಾನು ಕುಡಿದಿರಲಿಲ್ಲ. ಈ ಕಥೆ ಯಾರ ಮುಂದೆ ತೆಗೆದರೂ ಕಣ್ಣು ಹೊಡೆದು ಕೇಳುವುದು ಅದನ್ನೇ... "ಎಷ್ಟ ಹಾಕಿದ್ರಿ?" ಕಪ್ಪು ಚಹಾ ಕುಡಿದಿದ್ದೆ, ಅಷ್ಟೇ. ಶೇಂದ್ರಾದ ಕಾರ್ಖಾನೆಯೊಂದರಲ್ಲಿ ಪ್ರೆಸ್ ಮಷೀನಿನ ಮುಂದೆ ನಿಂತು ಬದುಕುವವನು ನಾನು. ಕಣ್ಣು ಚೂರು ಆಚೀಚೆಯಾದರೆ ಬೆರಳು ಹೋಗುತ್ತದೆ. ನನ್ನ ಬೆರಳೆಲ್ಲ ಇನ್ನೂ ಇದ್ದಲ್ಲೇ ಇವೆ. ಕಂಡದ್ದನ್ನು ಕಂಡ ಹಾಗೆ ಹೇಳುವ ಬುದ್ಧಿ ಇವನಿಗಿದೆ ಅಂತ ಅದರ ಮೇಲೆ ತಿಳಿದುಕೊಳ್ಳಿ. ನಂಬದಿದ್ದರೆ ಬಿಡಿ.

ಮಲ್ಯಾ ಅಂದರೆ ಮಲ್ಲಿಕಾರ್ಜುನ, ನನ್ನ ಗೆಳೆಯ. ಬಾಗಲಕೋಟೆ ಕಡೆಯ ಒಂದೇ ಊರು, ಒಂದೇ ಓಣಿ, ಒಂದೇ ಬೆಂಚು. ಇಬ್ಬರೂ ಒಂದೇ ಬಸ್ಸಿನಲ್ಲಿ ಮಹಾರಾಷ್ಟ್ರಕ್ಕೆ ಬಂದವರು. ಅವನು ನಾಸಿಕದಲ್ಲಿ ಮನೆ ಮಾಡಿ ಸಿನ್ನರ್‌ನ ಕಾರ್ಖಾನೆಗೆ ಹೋಗುತ್ತಾನೆ, ನಾನು ಶೇಂದ್ರಾದ ಪಕ್ಕದ ಸಂಭಾಜಿನಗರದಲ್ಲಿ ಇದ್ದೇನೆ. ನನ್ನ ಮಗಳ ಕಿವಿ ಚುಚ್ಚಿಸಿದ್ದು ಅವನ ತೊಡೆಯ ಮೇಲೆ ಕೂರಿಸಿ. ನನಗೆ ಡೆಂಗ್ಯೂ ಆದಾಗ ಆಸ್ಪತ್ರೆಯ ವರಾಂಡದಲ್ಲಿ ರಟ್ಟು ಹಾಸಿಕೊಂಡು ಮಲಗಿದವನು ಅವನು, ನನ್ನ ಸ್ವಂತ ತಮ್ಮನಲ್ಲ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ಎಂಥವನು ನನಗೆ ಕೈ ಕೊಟ್ಟ ಅನ್ನುವುದು ನಿಮಗೆ ಗೊತ್ತಿರಬೇಕು.

ಮಲ್ಯಾನಿಗೆ ಗಾಳದ ಹುಚ್ಚು. ಅಣೆಕಟ್ಟಿನ ನೀರಿನಲ್ಲಿ ಗಾಳ ಹಾಕುತ್ತಿದ್ದವನು ವೀಡಿಯೋ ನೋಡಿ ನೋಡಿ ಸಮುದ್ರಕ್ಕೆ ಹೋದ. ಹಿಂದಿನ ವರ್ಷ ಕಂಪನಿಯವರ ಜೊತೆ ಕೊಂಕಣಕ್ಕೆ ಹೋಗಿ, ಬೋಟು ಬಾಡಿಗೆಗೆ ಹಿಡಿದು ನಡುಗಡಲಿಗೆ ಹೋಗಿ ಬಂದಿದ್ದ. ಬಂದ ಮೇಲೆ ಮನುಷ್ಯ ಸೊರಗಿದ. ಕಣ್ಣ ಕೆಳಗೆ ಕಪ್ಪು, ಮಾತಿನ ಮಧ್ಯೆ ಎಲ್ಲೋ ಕಿವಿಗೊಟ್ಟು ಕೂರುವುದು... ಕೆಲಸದ ಟೆನ್ಶನ್ ಇರಬೇಕು ಅಂದುಕೊಂಡಿದ್ದೆ.

ದೀಪಾವಳಿ ಕಳೆದ ಮೇಲೆ ಒಂದು ದಿನ ಮನೆಗೇ ಬಂದ.

"ಈರ್ಯಾ, ಈ ಸಲ ನಾವಿಬ್ರ ಹೋಗೂಣು. ಪೂರಾ ಬೋಟ ನಮ್ದ. ಖರ್ಚೆಲ್ಲಾ ನಂದು. ಇಲ್ಲಾ ಅನಬ್ಯಾಡ."

"ಲೇ ಹುಚ್ಚಾ, ನನಗ ಬಕೀಟಿನ್ಯಾಗಿನ ನೀರ ಕಂಡ್ರೂ ಅಂಜಿಕಿ. ಈಜ ಬರೂದಿಲ್ಲ ಅಂತ ನಿನಗ ಗೊತ್ತಿಲ್ಲೇನ?"

"ಗೊತ್ತೈತಿ," ಅಂದ.

ಹಾಗಂದ ರೀತಿ ಈಗ ನೆನಪಾದರೆ ಹೊಟ್ಟೆ ಉರಿಯುತ್ತದೆ. ಆಗ ಏನೂ ಅನ್ನಿಸಲಿಲ್ಲ. ನನ್ನ ಹೆಂಡತಿ ಕಸ್ತೂರಿ ಮಾತ್ರ ಅಡುಗೆಮನೆಯಿಂದ ಬಂದು ನಿಂತಳು.

"ಅಣ್ಣಾರ, ನೀರಿನ ಆಟ ಬ್ಯಾಡ್ರಿ. ಇವ್ರಿಗೆ ಏನರ ಆದ್ರ ನಾ ಮಗಳನ್ನ ಕಟಗೊಂಡ ಎಲ್ಲಿ ಹೋಗ್ಲಿ?"

"ವೈನಿ, ಹ್ಯಾಂಗ ಕರಕೊಂಡ ಹೋಗ್ತೀನಿ ಹಂಗ ತಂದ ಬಿಡ್ತೀನ್ರಿ. ನನ್ನ ಮ್ಯಾಲ ನಂಬಿಕಿ ಇಲ್ಲೇನು?"

ನಂಬಿಕೆ ಇತ್ತು. ಹಾಳಾದ್ದು ಅದೇ ಇತ್ತು.

ನಾಸಿಕಕ್ಕೆ ಬಸ್ಸಿನಲ್ಲಿ ಹೋದೆ, ಅಲ್ಲಿಂದ ಅವನ ಕಾರು. ಘಾಟ್ ಇಳಿದು ಒಂದು ಸಣ್ಣ ಬಂದರು ಸೇರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಊರಿನ ಹೆಸರು ಬೇಡ, ಅಲ್ಲಿಯವರದೇನೂ ತಪ್ಪಿಲ್ಲ. ಮರದ ದೋಣಿ, ಹಿಂದೆ ಡೀಸೆಲ್ ಎಂಜಿನ್, ನಡುವೆ ಒಬ್ಬ ಕಾಲು ಚಾಚುವಷ್ಟು ಗೂಡು. ದೋಣಿ ನಡೆಸುವವನನ್ನು ಅಲ್ಲಿ ತಾಂಡೇಲ ಅನ್ನುತ್ತಾರೆ. ವಯಸ್ಸಾದ ಮನುಷ್ಯ, ಬಿಸಿಲಿಗೆ ಸುಟ್ಟ ಮೈ. ಮಲ್ಯಾನನ್ನು ನೋಡಿದ್ದೇ ಹಣೆ ಮುಟ್ಟಿಕೊಂಡ.

"ಪರತ್ ಆಲೇ? ಮಾನಲಂ ಬುವಾ!" ಮತ್ತೆ ಬಂದಿರಲ್ಲ, ಒಪ್ಪಿದೆ ನಿಮ್ಮನ್ನ ಅಂತ.

ಯಾಕೆ ಹಾಗಂದೆ ಅಂತ ನಾನು ಕೇಳಿದೆ. ಹಿಂದಿನ ಸಲ ಈ ಸಾಹೇಬರು ರಾತ್ರಿ ನೀರಿಗೆ ಬಿದ್ದಿದ್ದರಂತೆ. ದೋಣಿಯ ಈ ಕಡೆ ಬಿದ್ದವರು ಎಷ್ಟು ಹೊತ್ತಾದರೂ ಮೇಲೆ ಬರಲಿಲ್ಲ. ಮುಗಿಯಿತು ಕಥೆ ಅಂತ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಾಗ, ಆ ಕಡೆಯಿಂದ ತಾವಾಗಿಯೇ ಹಲಗೆ ಹಿಡಿದು ಹತ್ತಿ ಬಂದರಂತೆ. ಇಷ್ಟು ದೊಡ್ಡ ಸಂಗತಿಯನ್ನು ಮಲ್ಯಾ ನನಗೆ ಹೇಳಿಯೇ ಇರಲಿಲ್ಲ.

"ಸತ್ತ ಬದುಕಿದ್ದನ್ನ ನನಗ ಹೇಳಬಾರದೇನಲೇ?"

"ಅಂವಾ ಒಂದಕ್ಕ ಹತ್ತ ಸೇರಸ್ತಾನ. ನಡಿ," ಅಂತ ದೋಣಿ ಹತ್ತಿಬಿಟ್ಟ.

ತಾಂಡೇಲ ಕಾಯಿ ಒಡೆದು ನೀರಿಗೆ ಬಿಟ್ಟು ಕೈ ಮುಗಿದ. ನನಗೆ ಕಿತ್ತಳೆ ಬಣ್ಣದ ಜಾಕೆಟ್ ಕಟ್ಟಿದ. ದಂಡೆ ಸಣ್ಣದಾಗುತ್ತ ಹೋಗಿ ಒಂದು ಗೆರೆಯಾಯಿತು, ಆಮೇಲೆ ಗೆರೆಯೂ ಇಲ್ಲ. ಎಂಜಿನ್ ನಿಂತಾಗ ಹೊತ್ತು ಮುಳುಗಿತ್ತು. ಸುತ್ತಲೂ ನೀರು... ಬರೀ ನೀರು. ನಮ್ಮ ಸಂಭಾಜಿನಗರದ ನಲ್ಲಿಯಲ್ಲಿ ವಾರಗಟ್ಟಲೆ ಕಾದರೂ ಬರದಿದ್ದದ್ದು ಎಲ್ಲ ಇಲ್ಲೇ ಬಂದು ಸೇರಿದೆಯೇನೋ ಅಂತ ನಾನೇ ಜೋಕ್ ಹೊಡೆದೆ. ಮಲ್ಯಾ ನಗದೆ ಬಕೆಟ್ಟಿಗೆ ನೀರು ತುಂಬಿಟ್ಟುಕೊಂಡ.

ಬಂಗಡೆಯ ತುಂಡು ಚುಚ್ಚಿ, ಸೀಸದ ಭಾರ ಕಟ್ಟಿ, ಕೈದಾರವನ್ನು ಕೆಳಗೆ ಬಿಟ್ಟೆವು. ಬಿಟ್ಟಷ್ಟೂ ಹೋಯಿತು. ತಾಂಡೇಲ ಹೇಳಿಕೊಟ್ಟ ಹಾಗೆ ಬೆರಳ ಮೇಲೆ ದಾರ ಇಟ್ಟುಕೊಂಡು ಕೂತೆ. ಒಂದೆರಡು ಸಣ್ಣ ಮೀನು ಸಿಕ್ಕವು. ಮಗುವಿನ ಹಾಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

"ಆ ಜಾಕೆಟ್ ತಗದಿಡಲೇ," ಅಂದ ಮಲ್ಯಾ. "ಕೈ ಸರಳ ಆಡೂದಿಲ್ಲ ಅದ್ರಾಗ."

"ಬಿದ್ರ?"

"ನಾ ಇಲ್ಲೇನ ಹಿಂದ?"

ತೆಗೆದೆ. ಅದನ್ನು ಅವನು ತನ್ನ ಕಾಲ ಕೆಳಗೆ ಇಟ್ಟುಕೊಂಡ.

ತಾಂಡೇಲ ಬೀಡಿ ಆರಿಸಿ ಗೂಡಿಗೆ ಮಲಗಲು ಹೋಗುತ್ತಿದ್ದವನು ತಟ್ಟನೆ ನಿಂತ. ಮೂಗು ಎತ್ತಿ ಗಾಳಿ ಹೀರಿದ. "ಬೋಕಡಾಚಾ ವಾಸ್ ಯೇತೋಯ್..." ಅಂದ. ಹೋತದ ವಾಸನೆ ಬರುತ್ತಿದೆಯಲ್ಲ ಅಂತ. ನಡುಗಡಲಿನಲ್ಲಿ ಹೋತ! ನಾನು ನಕ್ಕೆ. ನಗುತ್ತಲೇ ಉಸಿರು ಎಳೆದುಕೊಂಡೆ... ನಿಜ. ಉಪ್ಪು, ಡೀಸೆಲ್, ಮೀನು, ಎಲ್ಲದರ ಕೆಳಗೆ ಇನ್ನೊಂದು ವಾಸನೆ ಇತ್ತು. ನೆನೆದ ಉಣ್ಣೆಯದು. ಮಳೆಯಲ್ಲಿ ತೊಯ್ದ ಕುರಿಯನ್ನು ಹಟ್ಟಿಗೆ ಕಟ್ಟಿದಾಗ ಬರುತ್ತದಲ್ಲ, ಅದು.

ತಾಂಡೇಲ ತಲೆ ಕೊಡವಿ ಒಳಗೆ ಹೋಗಿ ಮಲಗಿದ. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು.

ಆಗಲೇ ಮೊದಲ ಸದ್ದು ಕೇಳಿಸಿದ್ದು. ಟಕ್... ಟಕ್... ಟಕ್... ದೋಣಿಯ ತಳದಿಂದ. ಅಲೆ ಬಡಿಯುವುದು ಪಕ್ಕದಿಂದ, ಅದರ ಸದ್ದೇ ಬೇರೆ. ಇದು ಮುಚ್ಚಿದ ಬಾಗಿಲನ್ನು ಬೆರಳ ಗೆಣ್ಣಿನಿಂದ ಬಡಿದ ಹಾಗೆ.

"ಮಲ್ಯಾ, ಏನದು?"

"ಏನೈತಿ? ಏನೂ ಇಲ್ಲ."

ಅವನು ನನ್ನ ಬೆನ್ನ ಹಿಂದೆ ಕೂತಿದ್ದ. ಬಕೆಟ್ಟಿನಲ್ಲಿ ಕೈ ಆಡಿಸುವ ಸದ್ದು ಬಂತು. ಮರುಕ್ಷಣ ನನ್ನ ನೆತ್ತಿಯ ಮೇಲೆ ತಣ್ಣಗೆ ನೀರು.

"ಥೂ ನಿನ್ನ! ಮಂಗ್ಯಾನ ಆಟ ಮಾಡ್ತೀಯೇನ ಈ ವಯಸ್ಸಿನ್ಯಾಗ?"

"ನಿದ್ದಿ ಹೋಗಬಾರದಂತ," ಅಂದ.

ಮತ್ತೆ ಸ್ವಲ್ಪ ಹೊತ್ತು. ಮತ್ತೆ ನೀರು. ಈ ಸಲ ಕುತ್ತಿಗೆಯಿಂದ ಬೆನ್ನೆಲುಬಿನ ಗುಂಟ ಸೊಂಟದವರೆಗೆ ಉದ್ದಕ್ಕೆ ಬಿಟ್ಟ. ಅಂಗಿ ಮೈಗಂಟಿತು. ಬೈಯಬೇಕು ಅಂತ ತಿರುಗಿದರೆ ಅವನು ಮೊಬೈಲ್ ಟಾರ್ಚ್ ಹಿಡಿದು ನನ್ನ ಬೆನ್ನನ್ನೇ ನೋಡುತ್ತಿದ್ದ. ಮುಖ ನೋಡುತ್ತಿಲ್ಲ, ಬೆನ್ನು. ಉಸಿರು ಬಿಗಿ ಹಿಡಿದು, ಏನಕ್ಕೋ ಕಾಯುವವನ ಹಾಗೆ. ಕೆಳಗಿನ ಟಕ್ ಟಕ್ ಕೂಡ ಅಷ್ಟೊತ್ತಿಗೆ ನಿಂತುಬಿಟ್ಟಿತ್ತು. ಅದೂ ಕಾಯುತ್ತಿತ್ತು.

ಟಾರ್ಚಿನ ಬೆಳಕು ನನ್ನ ಮುಂಗೈ ಮೇಲೆ ಬಿತ್ತು. ಅಲ್ಲಿ ಇಳಿಯುತ್ತಿದ್ದ ನೀರು ಹಳದಿಯಾಗಿತ್ತು. ಮೂಸಿದೆ. ಭಂಡಾರ. ದೇವರ ಅರಿಶಿನ ಪುಡಿ.

ಬೆರಳಿನಿಂದ ಉಜ್ಜಿ ಇನ್ನೊಮ್ಮೆ ಮೂಸಿದೆ. ಅದೇ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ದ್ಯಾಮವ್ವನಿಗೆ ಕುರಿಯ ಹರಕೆ ಹೊತ್ತರೆ, ತಂದ ಕೂಡಲೇ ಕಡಿಯುವ ಹಾಗಿಲ್ಲ. ಕುರಿಯ ತಲೆಯಿಂದ ಬಾಲದವರೆಗೆ ಭಂಡಾರದ ನೀರು ಚಿಮುಕಿಸಿ ಕಾಯುತ್ತಾರೆ. ಹಲಗೆ ಬಾರಿಸುವವರೂ ಕೈ ತಡೆಯುತ್ತಾರೆ. ಕುರಿ ಒಮ್ಮೆ ತಾನಾಗಿ ಮೈ ಒದರಬೇಕು... ಗಡಗಡ ಅಂತ ಮೈ ಜಾಡಿಸಬೇಕು. ಒದರಿತೋ, ತಾಯಿ ಒಪ್ಪಿಕೊಂಡಳು, ಕತ್ತಿ ಮೇಲೇಳುತ್ತದೆ. ಒದರದಿದ್ದರೆ ಮತ್ತೆ ನೀರು, ಮತ್ತೆ ಕಾಯುವುದು. ಮೈ ಒದರದ ಕುರಿಯ ಮೇಲೆ ಯಾರೂ ಕೈ ಎತ್ತುವುದಿಲ್ಲ. ಅರ್ಧ ದಿನ ನಿಂತು, ಹಾಗೇ ಮನೆಗೆ ಮರಳಿದ ಕುರಿಗಳನ್ನು ಮಲ್ಯಾನೂ ನಾನೂ ಚಿಕ್ಕಂದಿನಲ್ಲಿ ಭುಜಕ್ಕೆ ಭುಜ ಕೊಟ್ಟು ನೋಡಿದ್ದೇವೆ.

ನಂಬಿಸಿ ಕುತ್ತಿಗೆ ಕೊಯ್ಯುವುದು ಅಂತ ಬಾಯಿಮಾತಿಗೆ ಎಷ್ಟು ಸಲ ಅಂದಿದ್ದೇನೋ. ಅವತ್ತು ಅದು ನನ್ನ ಕುತ್ತಿಗೆಯಾಗಿತ್ತು.

ತಾಂಡೇಲನನ್ನು ಕೂಗೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಗಾಳಿ ಬೀಸಿತು. ಹಸಿ ಬೆನ್ನಿನ ಮೇಲೆ ಆ ಗಾಳಿ ಬಿದ್ದದ್ದೇ ಹಲ್ಲು ಕಟಕಟ ಅನ್ನತೊಡಗಿತು. ತಕ್ಷಣ ಬಾಯಿ ಮುಚ್ಚಿ ದವಡೆ ಬಿಗಿ ಹಿಡಿದೆ. ಬಾಯಿ ಬಿಟ್ಟರೆ ಹಲ್ಲು ಕಡಿಯುತ್ತದೆ, ಹಲ್ಲು ಕಡಿದರೆ ಮೈ ನಡುಗುತ್ತದೆ, ಮೈ ನಡುಗಿದರೆ... ಎರಡೂ ಕೈಯಿಂದ ಹಲಗೆ ಹಿಡಿದು ಕಲ್ಲಾಗಿ ಕೂತೆ.

ಮಲ್ಯಾನಿಗೆ ಗೊತ್ತಾಯಿತು, ನನಗೆ ಗೊತ್ತಾಗಿದೆ ಅಂತ. ಅವನು ಅಳಲು ಶುರು ಮಾಡಿದ. ಪಿಸುಮಾತಿನಲ್ಲಿ ಎಲ್ಲ ಹೇಳಿದ.

"ಹ್ವಾದ ಸಲ ನೀರಾಗ ಬಿದ್ನೆಲ್ಲಾ... ಕೆಳಗ ಯಾರೋ ಕಾಲ ಹಿಡಿದ್ರು ಈರ್ಯಾ. ದೇವರಾಣಿ. ಬಳ್ಳಿ ಅಲ್ಲ, ಮೀನ ಹಿಡಿಯೂ ಬಲಿ ಅಲ್ಲ, ಕೈ. ಉಸರ ನಿಂತಿತ್ತು. ನಮ್ಮವ್ವ ಹೊರತಿದ್ಲಲ್ಲಾ ಹಂಗ ನಾನೂ ಹರಕಿ ಹೊತ್ಕೊಂಡ್ಬಿಟ್ಟೆ... ತಾಯಿ, ನನ್ನ ಬಿಡು, ನನಗ ಬದಲಿ ಇನ್ನೊಬ್ಬನ್ನ ತಂದ ಒಪ್ಪಸ್ತೀನಿ ಅಂತ. ಅಂದದ್ದ ತಡ, ಕಾಲ ಬಿಟ್ಟಿತು."

ನಾನು ಉಸಿರನ್ನೂ ಅಳೆದು ಬಿಡುತ್ತಿದ್ದೆ.

"ಇಲ್ಲಿ ಸಮುದ್ರಕ್ಕ ಕಾಯಿ ಸಾಕಂತ, ಮನಷ್ಯಾನ್ನ ಕೊಡೂ ಹರಕಿ ಇಲ್ಲಂತ. ಆಮ್ಯಾಲ ತಿಳೀತು. ಇದಕ್ಕ ಹರಕಿ ಬೇಡೂದನ್ನ ಕಲಿಸಿದಾಂವ ನಾನ. ಈಗ ಬಿಡವಲ್ಲದು. ಕಣ್ಣ ಮುಚ್ಚಿದ್ರ ಬಂದ ಕೇಳ್ತೈತಿ."

ಹಲ್ಲು ಬಿಡದೆ, ತುಟಿ ಅಲುಗಿಸದೆ ಒಂದೇ ಮಾತು ಹೊರಡಿಸಿದೆ. "ನಾನ... ಯಾಕ?"

ಅವನು ಆಶ್ಚರ್ಯದಿಂದ ನೋಡಿದ, ಇಷ್ಟೂ ತಿಳಿಯಲಿಲ್ಲವೇ ಅನ್ನುವ ಹಾಗೆ.

"ಹರಕಿಗೆ ಬಡಕಲ ಕುರಿ ಕೊಡ್ತಾರೇನಲೇ? ಪ್ರೀತೀಲೆ ಸಾಕಿದ್ದನ್ನ ಕೊಡಬೇಕು. ಹೆಂಡ್ತೀನ ಕೊಡಾಕ ಮನಸ ಬರಲಿಲ್ಲ. ನಿನ್ನಷ್ಟ ಪ್ರೀತಿದ್ದಾಂವ ಮತ್ತ ಯಾರದಾನ ನನಗ?"

ಇದಕ್ಕಿಂತ ಎರಡು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹಗೆಯವನ ಹಾಗೆ ನೀರಿಗೆ ತಳ್ಳಿದ್ದರೆ ಅದಕ್ಕೊಂದು ಅರ್ಥವಿರುತ್ತಿತ್ತು. ಕಣ್ಣಲ್ಲಿ ನೀರು ತುಂಬಿತು. ಬಿಕ್ಕಿದರೂ ಮೈ ಅಲುಗುತ್ತದೆ ಅಂತ ಅದನ್ನೂ ನುಂಗಿದೆ.

ಆಗ ನನ್ನ ಬೆರಳಿನ ಮೇಲಿದ್ದ ದಾರ ಎಳೆಯಿತು. ಮೀನು ಎಳೆದರೆ ಜಗ್ಗುತ್ತದೆ. ಇದು ಜಗ್ಗಲಿಲ್ಲ. ಆ ತುದಿಯಲ್ಲಿ ಯಾರೋ ದಾರವನ್ನು ಮೆಲ್ಲಗೆ ಸವರಿ, ಈ ತುದಿಯಲ್ಲಿ ಯಾರಿದ್ದಾರೆ ಅಂತ ಕೇಳಿದ ಹಾಗಿತ್ತು. ಆಮೇಲೆ ದಾರ ಸಡಿಲವಾಯಿತು. ಇನ್ನೂ ಸಡಿಲ... ಅಷ್ಟು ಆಳಕ್ಕೆ ಬಿಟ್ಟಿದ್ದು ಸುರುಳಿ ಸುರುಳಿಯಾಗಿ ನೀರಿನ ಮೇಲೆ ತೇಲತೊಡಗಿತು. ಸೀಸದ ಭಾರವನ್ನು ಹೊತ್ತುಕೊಂಡು ಏನೋ ಮೇಲೆ ಬರುತ್ತಿತ್ತು.

ತೊಯ್ದ ಉಣ್ಣೆಯ ವಾಸನೆ ಮೂಗಿಗೆ ಅಡರಿತು. ಟಕ್... ಈ ಸಲ ಸರಿಯಾಗಿ ನನ್ನ ಕುಂಡಿಯ ಕೆಳಗಿನ ಹಲಗೆಗೆ. ಟಕ್...

ಮಲ್ಯಾ ಬೊಗಸೆ ತುಂಬ ನೀರು ಎತ್ತಿ ನನ್ನ ನೆತ್ತಿಯ ಮೇಲೆ ಸುರಿದ. "ತಗೋ ತಾಯಿ... ತಡಾ ಮಾಡಬ್ಯಾಡ..." ನನ್ನ ಜೊತೆ ಅಲ್ಲ ಮಾತು, ನೀರಿನ ಜೊತೆ. ಆಮೇಲೆ ನನ್ನ ಕಿವಿಯಲ್ಲಿ, "ಒದರಲೇ ಈರ್ಯಾ. ಒಮ್ಮಿ ಒದರಿಬಿಡು. ಕಾಲ ಬೀಳ್ತೀನಿ."

ಒದರಲಿಲ್ಲ. ಹೇಗೆ ತಡೆದೆನೋ ಆ ದೇವರೇ ಬಲ್ಲ. ತೊಡೆ ಸೆಡೆತು ಕಲ್ಲಾಯಿತು, ಉಗುರು ಹಲಗೆಯಲ್ಲಿ ಮುರಿದವು. ಕಸ್ತೂರಿಯನ್ನು ನೆನೆಸಿಕೊಂಡೆ. ಮಗಳು ಶಾಲೆಗೆ ಹೋಗುವಾಗ ಗೇಟಿನಲ್ಲಿ ತಿರುಗಿ ನೋಡುವುದನ್ನು ನೆನೆಸಿಕೊಂಡೆ. ಅವನು ಸುರಿಯುತ್ತಲೇ ಇದ್ದ, ಅಳುತ್ತಲೇ ಇದ್ದ. ಎಷ್ಟು ಹೊತ್ತೋ... ಚುಕ್ಕೆ ಕಂತಿ, ಮೂಡಣ ಬೂದು ಬಣ್ಣಕ್ಕೆ ತಿರುಗಿತು.

ದಾರ ಒಮ್ಮೆಲೇ ಬಿಗಿಯಿತು. ಭಾರ ಸರ್ರನೆ ಕೆಳಗಿಳಿಯಿತು. ವಾಸನೆ ಹೋಯಿತು. ತಾಂಡೇಲ ಆಕಳಿಸುತ್ತ ಎದ್ದು ಬಂದವನು ನಮ್ಮಿಬ್ಬರ ಅವತಾರ ನೋಡಿ, ಮಳೆ ಬಂದಿತ್ತೇನು ಅಂತ ಕೇಳಿದ.

ಗೂಡಿನಿಂದ ಹರಕು ಚಾದರವೊಂದನ್ನು ತಂದು ತಾಂಡೇಲನೇ ನನಗೆ ಹೊದಿಸಿದ. ಬಂದರಿನವರೆಗೂ ನಾನು ಮೈ ಸಡಿಲ ಬಿಡಲಿಲ್ಲ. ಮಲ್ಯಾ ಮೂಲೆಯಲ್ಲಿ ಮುದುಡಿ ಕೂತಿದ್ದ. ಅವನ ಕಡೆ ನೋಡಲಿಲ್ಲ.

ದೋಣಿ ಕಟ್ಟೆಗೆ ತಾಗಿತು. ಹಗ್ಗ ಕಟ್ಟಿ ತಾಂಡೇಲ ಕೈ ಕೊಟ್ಟ. ಎದ್ದೆ. ಒಂದು ಕಾಲು ಕಟ್ಟೆಯ ಕಲ್ಲಿನ ಮೇಲಿಟ್ಟೆ. ಗಟ್ಟಿ ನೆಲ! ಬೆನ್ನಿಗೆ ಎಳೆ ಬಿಸಿಲು ಬಿತ್ತು. ಗೆದ್ದೆ ಅಂತ ಮನಸ್ಸು ಅಂದುಕೊಂಡದ್ದೇ ತಡ, ರಾತ್ರಿಯಿಡೀ ಕಟ್ಟಿಟ್ಟ ಮೈ ನನ್ನ ಮಾತು ಕೇಳಲಿಲ್ಲ. ನೆತ್ತಿಯಿಂದ ಅಂಗಾಲಿನವರೆಗೆ ಗಡಗಡ ಅಂತ ಒಮ್ಮೆ ಒದರಿತು. ಚಾದರ ಜಾರಿ ಕೆಳಗೆ ಬಿತ್ತು.

ನನ್ನ ಇನ್ನೊಂದು ಕಾಲು ದೋಣಿಯಲ್ಲಿತ್ತು.

ಹಿಂದೆ ತಿರುಗಿದೆ. ಮಲ್ಯಾ ನೋಡಿದ್ದ. ಎರಡೂ ಕೈ ಜೋಡಿಸಿ ನೀರಿಗೆ ತಲೆ ಬಾಗಿಸಿ, "ಆತು," ಅಂದ.

ಮೇಲೆ ಬಂದವನ ಕಪಾಳಕ್ಕೆ ಬಾರಿಸಿದೆ. ಎಡಕ್ಕೊಂದು ಬಲಕ್ಕೊಂದು. ಬಂದರಿನ ಹೆಂಗಸರು ಮೀನಿನ ಬುಟ್ಟಿ ಬಿಟ್ಟು ನೋಡುತ್ತ ನಿಂತರು. ಅವನು ಕೈ ಅಡ್ಡ ತರಲಿಲ್ಲ, ತಪ್ಪಾಯಿತು ಅನ್ನಲೂ ಇಲ್ಲ. ಅವನ ಕಾರು ಹತ್ತಲಿಲ್ಲ. ಕೆಂಪು ಬಸ್ಸು ಹಿಡಿದು ನಾಸಿಕ, ಅಲ್ಲಿಂದ ಸಂಭಾಜಿನಗರ. ಬಾಗಿಲು ತೆರೆದ ಕಸ್ತೂರಿ, "ಮೀನ ಎಲ್ಲಿರಿ?" ಅಂತ ನಕ್ಕಳು. ಅವಳಿಗೆ ಇವತ್ತಿಗೂ ಹೇಳಿಲ್ಲ. ಹೇಳಿದರೆ ಅವಳೂ ಎಣಿಸುತ್ತಾಳೆ, ಯಾವ ಕಾಲು ಎಲ್ಲಿತ್ತು ಅಂತ.

ಕಾರ್ಖಾನೆಯ ಹಿರಿಯರೊಬ್ಬರಿಗೆ, ನಮ್ಮ ಕಡೆಯವರೇ, ಯಾರದೋ ಕಥೆ ಅಂತ ಹೇಳಿ ಕೇಳಿದೆ. ಗುಡಿಯ ಅಂಗಳದ ಗೆರೆಯ ಮೇಲೆ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಿಂತ ಕುರಿ ಮೈ ಒದರಿದರೆ ಲೆಕ್ಕಕ್ಕೆ ಬರುತ್ತದೆಯೇ? ಅವರು ತಂಬಾಕು ತಿಕ್ಕುತ್ತ ಯೋಚಿಸಿದರು. "ಅದನ್ನ ಕೊಟ್ಟಾಂವಗ ಹೇಳಾಕ ಬರೂದಿಲ್ಲಪಾ. ತಗೊಂಡಾಕಿಗೆ ಗೊತ್ತು," ಅಂದರು.

ಮಲ್ಯಾನ ನಂಬರ್ ಬ್ಲಾಕ್ ಮಾಡಿದ್ದೇನೆ. ಅವನ ಹೆಂಡತಿ ಶೋಭಾಳದು ಮಾಡುವುದು ಮರೆತಿತ್ತು. ಹೋದ ಭಾನುವಾರ ಬೆಳಿಗ್ಗೆ ಅವಳ ಫೋನ್ ಬಂತು. ಪಾಪ, ಅವಳಿಗೆ ಏನೂ ಗೊತ್ತಿಲ್ಲ.

"ಅಣ್ಣಾರ, ನಿಮಗೊಂದ ಮಾತ ಹೇಳಬೇಕಂತ ಮಾಡಿದ್ದೆ. ನಿಮ್ಮ ಜೋಡಿ ಸಮುದ್ರಕ್ಕ ಹೋಗಿ ಬಂದಾಗಿಂದ ಇವ್ರಿಗೆ ಚಲೋ ನಿದ್ದಿ ಹತ್ತೇತ್ರಿ. ಮದ್ಲ ರಾತ್ರಿ ಎಲ್ಲಾ ಎದ್ದ ಕುಂದರತಿದ್ರು, ಬಾಗ್ಲಾ ಬಡ್ಯಾಕತ್ತಾರ ನೋಡು ಅಂತಿದ್ರು. ಈಗ ಕೂಸಿನಂಗ ಮಕ್ಕೋತಾರ. ನೀವ ಅವ್ರ ಜೀವಾ ಉಳಿಸಿದ್ರಿ. ನಿಮ್ಮ ಉಪಕಾರ ಈ ಜನ್ಮದಾಗ ತೀರೂದಿಲ್ರಿ."

ನಾನು ಮಂಚದ ತುದಿಯಲ್ಲಿ ಕೂತಿದ್ದೆ. ರಾತ್ರಿಯೆಲ್ಲ ಬಾಗಿಲ ಕಡೆ ಕಿವಿಗೊಟ್ಟು ಕೂತಿದ್ದ ಜಾಗವೇ ಅದು.

"ಇರ್ಲಿ ಬಿಡವಾ ತಂಗಿ," ಅಂದೆ. "ಅಂವಾ ಮಕ್ಕೊಳ್ಳಿ."

"ನೀವ ಹ್ಯಾಂಗದೀರ್ರಿ ಅಣ್ಣಾರ?"

"ಆರಾಮ ಅದೀನಿ," ಅಂದು ಫೋನ್ ಇಟ್ಟೆ.